ಕಾರಂಜಿ ಭಾನುವಾರ

ಹೊಂಬೆಳಕು ನಗರ,
ಮಾಸ್ತಿ ರಸ್ತೆ, ಮಾಲೂರು ತಾಲ್ಲೂಕು.
೧೨ ಮಾರ್ಚ್ ೨೦೨೪, ಮಂಗಳವಾರ

ಪ್ರೀತಿಯ ನಿಖತ್,

ಇವತ್ತಿನಿಂದ ನಿಮಗೆ ಉಪವಾಸ. ನೀನು, ಶಹಬಾಜ್ ಭಾಯ್, ಮಗು ಎಲ್ಲರೂ ಆರೋಗ್ಯವಾಗಿರಿ. ಕಾಗದದ ಮೊದಲ ಸಾಲಿನಲ್ಲಿ ‘ನಾವು ಇಲ್ಲಿ ಚೆನ್ನಾಗಿದ್ದೇವೆ’ ಎಂದು ಬರೆಯಬೇಕೆಂದು ಶಾಲೆಯಲ್ಲಿ ಮಿಸ್ ಹೇಳಿಕೊಟ್ಟಿದ್ದರು. ಆ ಸಾಲನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಕೊನೆಯಲ್ಲಿ ಬರೆಯಲು ಮನಸ್ಸು ಬಂದರೆ ಬರೆಯುತ್ತೇನೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ಬೈದರೂ ಸರಿಯೇ. ಕೆಲಸ ಇತ್ತು ಎಂದು ಹೇಳಬಹುದು, ಆದರೆ ಅದು ನಿಜವಲ್ಲ. ದಿನವೂ ಅದನ್ನು ಅಕ್ಕಿ ಡಬ್ಬದ ಹಿಂದಿನಿಂದ ತೆಗೆದು, ಓದಿ, ಮತ್ತೆ ಅಲ್ಲೇ ಇಡುತ್ತಿದ್ದೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಫೋನು ಇಸ್ತ್ರಿ ಮೇಜಿನ ಮೇಲೆ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತದೆ. ಇಲ್ಲಿ ಪಕ್ಕದ ಮನೆಯ ಶ್ಯಾಮಲಮ್ಮನವರಿಗೆ ಗೋಡೆಯಾಚೆಯ ಪಿಸುಮಾತೂ ಕೇಳುತ್ತದೆ. ಅದೂ ಅಲ್ಲದೆ ನನಗೆ ಬಾಯಿ ಬರುವುದಿಲ್ಲವೆಂದು ನಿನಗೆ ಗೊತ್ತಲ್ಲ. ಹಾಜರಿ ಕೂಗುವಾಗ ನನ್ನ ಬದಲು ನೀನೇ ‘ಬಂದವಳೆ ಮಿಸ್’ ಎನ್ನುತ್ತಿದ್ದೆ. ಐದನೇ ಕ್ಲಾಸು ಮುಗಿಸಿ ಇಬ್ಬರೂ ಶಾಲೆ ಬಿಟ್ಟ ಮೇಲೆ ನನ್ನ ಬದಲು ಮಾತಾಡುವವರು ಯಾರೂ ಸಿಗಲಿಲ್ಲ. ಅದಕ್ಕೇ ಬರೆಯುತ್ತೇನೆ.

ನೀನು ಎರಡು ವಿಷಯ ಕೇಳಿದ್ದೀಯ. ನಂಗಲಿಯಲ್ಲಿ ಲಾಡ್ಜಿನವರು ಹಾಸಿಗೆ ಬಟ್ಟೆ ಒಗೆಯಲು ಕೊಡುವುದು ಕಡಿಮೆಯಾಗಿದೆ, ಮಾಲೂರಿನ ಕಾರ್ಖಾನೆಯ ಯೂನಿಫಾರಂ ಒಗೆದುಕೊಡುವ ಕೆಲಸ ಸಿಕ್ಕಿದೆ, ಶಹಬಾಜ್ ಭಾಯ್ ನಮ್ಮ ಬಡಾವಣೆಯ ಎರಡನೇ ಹಂತದಲ್ಲಿ ಅಂಗಡಿ ಮನೆ ನೋಡಿ ಬಂದಿದ್ದಾರೆ, ಹಬ್ಬ ಮುಗಿದ ಮೇಲೆ ಮುಂಗಡ ಕೊಟ್ಟು ಮಷೀನುಗಳನ್ನು ಇಲ್ಲಿಗೆ ಸಾಗಿಸಬೇಕೆಂದಿದ್ದೀರಿ, ಬರಬಹುದಾ ಎಂದು ಕೇಳಿದ್ದೀಯ. ಇನ್ನೊಂದು, ಭಾರತಮ್ಮ ಹೇಗಿದ್ದಾರೆ ಎಂದು. ಶಾಲೆಯಲ್ಲಿ ನಮಗೆ ಬಿಸಿಯೂಟ ಬಡಿಸುತ್ತಿದ್ದ ಭಾರತಮ್ಮ ಈಗ ನಮ್ಮ ಹಿಂದಿನ ರಸ್ತೆಯಲ್ಲೇ ತಂಗಿ ಮಗ ಚಂದ್ರು ಜೊತೆ ಇದ್ದಾರೆ ಎಂದು ತಿಳಿದಾಗ ನೀನು ಎಷ್ಟು ಖುಷಿಪಟ್ಟಿದ್ದೆ. ಅವರ ವಿಷಯ ಆಮೇಲೆ ಬರೆಯುತ್ತೇನೆ.

ನಿನ್ನ ಕಾಗದದಲ್ಲಿ ಒಂದು ಕಡೆ ನಗಿಸಿದ್ದೀಯ. ‘ನಮ್ಮೋರು ಕಾರಂಜಿ ನೋಡಿ ಚಿಕ್ಕ ಮಗು ಥರ ಕೈಯೊಡ್ಡಿದ್ರಂತೆ. ಅಲ್ಲಿ ನೀರು ಎಷ್ಟಿದೆ ಅಂದ್ರೆ, ಯಾರೋ ಅಜ್ಜಿ ಮೆಟ್ಟಿಲ ಮೇಲೆ ಚೆಲ್ಲಿದ ನೀರಲ್ಲಿ ಜಾರಿ ಬಿದ್ರಂತೆ. ಪಾಪ ಅಜ್ಜಿ. ಆದ್ರೂ ನಂಗಲೀಲಿ ಜಾರೋಕೂ ನೀರಿಲ್ಲ ಕಣೇ, ನಾನಂತೂ ಬಂದ್ಬಿಡ್ತೀನಿ’ ಎಂದು ಬರೆದಿದ್ದೀಯ. ಶಹಬಾಜ್ ಭಾಯ್ ಬಂದ ದಿನ ನಾನು ಊರಲ್ಲಿ ಇರಲಿಲ್ಲವಂತೆ, ಅದಕ್ಕೆ ಬೇಜಾರೂ ಮಾಡಿಕೊಂಡಿದ್ದೀಯ.

ನಾನು ಊರಲ್ಲೇ ಇದ್ದೆ ನಿಖತ್. ನೀರಿನ ಟ್ಯಾಂಕಿನ ಕೆಳಗೆ ವಾಲ್ವ್ ಇರುವ ಸಣ್ಣ ಕೋಣೆಯಲ್ಲಿದ್ದೆ. ಕಿಟಕಿಯಿಂದ ಅವರನ್ನು ನೋಡಿದೆ. ಅವರು ಕೈಯೊಡ್ಡಿದ ಕಾರಂಜಿಯನ್ನು ಬಿಟ್ಟವಳು ನಾನೇ.

ಈ ಬಡಾವಣೆ ಎದ್ದಿರುವುದು ನಮ್ಮ ಮಾವನವರ ರಾಗಿ ಹೊಲದ ಮೇಲೆ. ಸುತ್ತಲಿನವರ ಹೊಲಗಳೂ ಸೇರಿವೆ. ಹೊಲ ಕೊಟ್ಟವರಿಗೆ ಒಂದೊಂದು ಮನೆ ಕೊಟ್ಟರು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಟ್ಟಿದ್ದಾರೆ. ರಸ್ತೆಗಳು ನೆಟ್ಟಗಿವೆ. ಚರಂಡಿ ನೆಲದೊಳಗೇ ಹೋಗುತ್ತದೆ. ಪಾರ್ಕು, ಅಂಗಡಿ ಸಾಲು, ಬಸ್ಸಿಗೆ ನೆರಳು ಎಲ್ಲವೂ ಇವೆ. ಗೇಟಿನ ಹತ್ತಿರ ದೊಡ್ಡ ಬೋರ್ಡಿನ ಮೇಲೆ ನಕ್ಷೆ ಇದೆ. ಅದರಲ್ಲಿ ನೀಲಿ ಬಣ್ಣದ ಒಂದು ಕೆರೆ ಇದೆ. ಕೆರೆಯಾಗಬೇಕಿದ್ದ ಗುಂಡಿಯಲ್ಲಿ ಈಗ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಎಲ್ಲವನ್ನೂ ಅಳೆದು ಕಟ್ಟಿದವರು ನೆಲದಡಿಯ ನೀರನ್ನು ಮಾತ್ರ ಅಳೆಯಲಿಲ್ಲ, ಇರುತ್ತದೆ ಎಂದುಕೊಂಡರು.

ಮೊದಲ ಬೋರ್‌ವೆಲ್ ಒಂದು ಬೇಸಿಗೆಗೇ ಸೋತಿತು. ಎರಡನೆಯದನ್ನು ಇನ್ನೂ ಆಳಕ್ಕೆ ಕೊರೆಸಿದರು. ಅದರಲ್ಲಿ ನೀರು ಬಂದ ತಿಂಗಳೇ ಬೇಲಿಯಾಚೆಯ ಕೋದಂಡರಾಮಪ್ಪನವರ ಹಿಪ್ಪುನೇರಳೆ ತೋಟದ ಬೋರು ಬರೀ ಗಾಳಿ ಉಗುಳಿತು. ಅವರು ಜಗಳಕ್ಕೆ ಬರಲಿಲ್ಲ. ಒಂದು ದಿನ ಪಾರ್ಕಿನ ಹತ್ತಿರ ನಿಂತು ನನ್ನನ್ನು ಕರೆದು, ‘ನಿಮ್ ಕಾರಂಜಿ ಚೆನ್ನಾಗೈತೆ ಕಣಮ್ಮಾ. ನಮ್ ಬೋರಿನ ನೀರಲ್ವಾ, ನೋಡ್ತಿದ್ದಂಗೇ ಗುರುತು ಹಿಡಿದೆ’ ಎಂದರು. ನಾನು ನೆಲ ನೋಡಿದೆ. ಅವರ ತೋಟ ದಾಟುವಾಗ ಈಗಲೂ ನೆಲವನ್ನೇ ನೋಡುತ್ತೇನೆ.

ಮೋರಿ ನೀರನ್ನು ತೊಳೆದು ಮತ್ತೆ ಉಪಯೋಗಕ್ಕೆ ಕೊಡುವ ಘಟಕವೂ ಇಲ್ಲಿದೆ. ಹಸಿರು ಬಣ್ಣ ಹೊಡೆದು ನಿಲ್ಲಿಸಿದ್ದಾರೆ. ಅದು ಓಡಬೇಕಾದರೆ ಬಹಳ ಮನೆಗಳ ಕೊಳಚೆ ಬೇಕಂತೆ. ಇರುವ ಮನೆಗಳು ಅದಕ್ಕೆ ಸಾಲದು. ಸ್ನಾನಕ್ಕೇ ನೀರಿಲ್ಲದ ಮನೆಗಳಿಂದ ಕೊಳಚೆಯಾದರೂ ಎಷ್ಟು ಬಂದೀತು? ಹೊರಗಿನಿಂದ ದೊಡ್ಡ ಪೈಪು ತರುವ ಮಾತೂ ಇದೆ. ಅದು ಬರುವುದು ಎರಡನೇ ಹಂತ ಮಾರಾಟವಾದರೆ ಮಾತ್ರ. ಬಡಾವಣೆಯ ಮ್ಯಾನೇಜರ್ ಶಿವಶಂಕರ್ ಅವರು ಕೆಟ್ಟವರೇನಲ್ಲ. ಅವರೂ ತಾಯಿಯನ್ನು ಕರೆದುಕೊಂಡು ಬಂದು ಇಲ್ಲೇ ಮನೆ ಮಾಡಿದ್ದಾರೆ, ಅವರ ನಲ್ಲಿಯೂ ನಮ್ಮದರ ಹಾಗೇ. ಪಾರ್ಕಿನ ಚಪ್ಪರದ ಕೆಳಗೆ ಎಲ್ಲರನ್ನೂ ಸೇರಿಸಿ ಅವರು ಹೇಳಿದರು:

‘ಹೊಸ ಮನೆ ಬಂದ್ರೆ ಪೈಪ್ ಬರತ್ತೆ, ಪೈಪ್ ಬಂದ್ರೆ ನೀರು ಬರತ್ತೆ. ಆದ್ರೆ ನೀರಿದೆ ಅಂತ ಕಂಡ್ರೆ ತಾನೇ ಹೊಸ ಮನೆ ಬರೋದು? ನಾನು ಎಲ್ಲಿಂದ ಶುರು ಮಾಡ್ಲಿ, ನೀವೇ ಹೇಳಿ.’

ಆಗಲೇ ಹಾಲಿನ ಅಂಗಡಿ ಮುಚ್ಚಿತ್ತು. ಜನ ಸಾಲದೆಂದು ಕಾರ್ಖಾನೆಯ ಬಸ್ಸು ಒಳಗೆ ಬರುವುದನ್ನು ಬಿಟ್ಟಿತ್ತು. ಬಾಡಿಗೆಗೆ ಬಂದವರು ಒಬ್ಬೊಬ್ಬರೇ ಸಾಮಾನು ಕಟ್ಟುತ್ತಿದ್ದರು. ಬಾಡಿಗೆಯವರು ಹೋಗಬಹುದು, ಹೊಲ ಕೊಟ್ಟು ಮನೆ ತಗೊಂಡವರು ಎಲ್ಲಿಗೆ ಹೋಗಬೇಕು? ಕೊನೆಗೆ ಒಂದು ತೀರ್ಮಾನವಾಯಿತು. ಮನೆ ನೋಡುವವರು ಬರುವ ಭಾನುವಾರಕ್ಕೆ ಮೊದಲು, ಶುಕ್ರವಾರದಿಂದಲೇ ನಾವೆಲ್ಲ ನಮ್ಮ ನೀರನ್ನು ಬಿಟ್ಟುಕೊಡುವುದು. ಟ್ಯಾಂಕು ತುಂಬಲಿ. ಭಾನುವಾರ ಕಾರಂಜಿ ಹಾರಲಿ, ಮುಂದಿನ ರಸ್ತೆಯ ನಲ್ಲಿಗಳು ಜೋರಾಗಿ ಬರಲಿ. ‘ಎರಡು ದಿನ ತಾನೇ, ಏಕಾದಶಿ ಅಂದ್ಕೊಳ್ರೀ’ ಎಂದರು ಶ್ಯಾಮಲಮ್ಮ. ಎಲ್ಲರೂ ನಕ್ಕರು. ಬೇಡ ಎನ್ನುವವರು ಕೈ ಎತ್ತಿ ಎಂದಾಗ ನನ್ನ ಕೈ ಮಡಿಲಲ್ಲೇ ಇತ್ತು. ಭಾರತಮ್ಮ ನನ್ನ ಪಕ್ಕದಲ್ಲೇ ಕೂತಿದ್ದರು. ಅವರೂ ಎತ್ತಲಿಲ್ಲ.

ನಗಬೇಕಾದ ಸಂಗತಿಗಳೂ ಇವೆ. ಆ ಭಾನುವಾರ ಬೆಳಿಗ್ಗೆ ಮುಖ ತೊಳೆಯದವರೆಲ್ಲ ಪೌಡರ್ ಬಳಿದುಕೊಂಡು ಹೊರಗೆ ನಿಂತಿದ್ದರು. ತೊಳೆಯದ ಪಾತ್ರೆಗಳನ್ನು ಮಂಚದ ಕೆಳಗೆ ತಳ್ಳಿದ್ದರು. ಶ್ಯಾಮಲಮ್ಮ ಹೊಸ ಸೀರೆ ಉಟ್ಟು ಬಾಗಿಲು ತೊಳೆದರು. ಇದ್ದದ್ದು ಒಂದೇ ಬಕೆಟ್ಟು, ಒಂದೊಂದು ಕಾರು ಬಂದಾಗಲೂ ಒಂದು ಚೊಂಬು ಚೆಲ್ಲಿ, ರಂಗೋಲಿ ಅಳಿಸಿ, ಮತ್ತೆ ಬಿಡುತ್ತಿದ್ದರು. ಕಾರಿನಿಂದಿಳಿದ ಒಬ್ಬ ಹೆಂಗಸು ‘ಎಷ್ಟು ಚೊಕ್ಕಟ’ ಎಂದಳಂತೆ. ಆಮೇಲೆ ಶ್ಯಾಮಲಮ್ಮ ನನ್ನ ಹತ್ತಿರ ಬಂದು, ‘ನನ್ ಮೈ ವಾಸನೆ ನಂಗೇ ತಡ್ಯಕ್ಕಾಗ್ತಿಲ್ಲ, ಆಯಮ್ಮ ಚೊಕ್ಕಟ ಅಂತಾಳೆ’ ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಿಮ್ಮ ಉಪವಾಸ ದೇವರಿಗಾಗಿ. ನಮ್ಮದು ಕಾರಿನಲ್ಲಿ ಬಂದವರಿಗಾಗಿ.

ಶಹಬಾಜ್ ಭಾಯ್ ಮಾತ್ರ ಕಾರಿನಲ್ಲಿ ಬರಲಿಲ್ಲ. ಮಾಸ್ತಿ ಬಸ್ಸಿನಿಂದ ಇಳಿದು ನಡೆದು ಬಂದರು. ನಿನ್ನ ಮದುವೆಯಲ್ಲಿ ನೋಡಿದ್ದು, ಆದರೂ ಗುರುತು ಸಿಕ್ಕಿತು. ಉಳಿದವರು ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ನೀರನ್ನು ಬೊಗಸೆಯಲ್ಲಿ ಹಿಡಿದು ಬೆರಳುಗಳ ನಡುವೆ ಉಜ್ಜಿ ನೋಡಿದರು, ಸೋಪು ನೊರೆ ಬರುತ್ತದಾ ಎಂದು ನೋಡುವವರ ಹಾಗೆ. ಆಮೇಲೆ ನಿನಗೆಂದು ವಿಡಿಯೋ ತೆಗೆದರು. ನನ್ನ ಹೆಸರು ಹೇಳಿ ಶಿವಶಂಕರ್ ಅವರನ್ನು ಕೇಳಿದ್ದು ನನಗೆ ಕೇಳಿಸಿತು. ‘ಅವ್ರು ತೌರಿಗೆ ಹೋಗವ್ರೆ’ ಎಂದರು ಅವರು. ನಾನು ಬಾಗಿಲು ತೆಗೆದು ಹತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು. ವಾಲ್ವಿನ ಬೀಗದ ಕೈಯನ್ನು ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ.

ಈ ಕೆಲಸ ನನಗೆ ಸಿಕ್ಕಿದ್ದು ತಾತನಿಂದ. ನಮ್ಮ ತಾತ ಸೊಣ್ಣಪ್ಪ ಊರ ಕೆರೆಯ ನೀರುಗಂಟಿ ಆಗಿದ್ದದ್ದು ನಿನಗೆ ನೆನಪಿರಬೇಕು. ತೂಬಿನ ಹತ್ತಿರ ನಾವು ಆಟಕ್ಕೆ ಹೋದರೆ ಕೋಲು ತೋರಿಸಿ ಓಡಿಸುತ್ತಿದ್ದರಲ್ಲ. ಯಾರ ಗದ್ದೆಗೆ ಯಾವಾಗ ನೀರು ಎಂದು ತಾತ ಹೇಳಿದರೆ ಅದೇ ಕೊನೆ. ಯಾಕೆಂದರೆ ತನ್ನ ಮನೆಯವರಿಗೆ, ನೆಂಟರಿಗೆ ಯಾವಾಗಲೂ ಕೊನೆಯ ಸರದಿ. ಒಂದು ವರ್ಷ ಕೆರೆ ಅರ್ಧವೂ ತುಂಬಲಿಲ್ಲ. ತಾತನ ಸ್ವಂತ ತಂಗಿಯ ಗದ್ದೆ ತೂಬಿನ ಪಕ್ಕದಲ್ಲೇ ಇತ್ತು. ಅವಳ ಸರದಿ ಬರುವ ಹೊತ್ತಿಗೆ ನೀರು ಮುಗಿದಿತ್ತು. ಅವಳು ಏರಿಯ ಮೇಲೆ ನಿಂತು ಊರೆಲ್ಲ ಕೇಳುವಂತೆ ತೆಲುಗಿನಲ್ಲಿ ಬೈದಳಂತೆ. ತಾತ ತಲೆ ತಗ್ಗಿಸಿಕೊಂಡು ನಿಂತಿದ್ದರಂತೆ. ಆ ಕಥೆ ಕೇಳಿಯೇ ಶಿವಶಂಕರ್ ನನ್ನನ್ನು ಕರೆಸಿದ್ದು. ‘ನೀರುಗಂಟಿ ಮೊಮ್ಮಗಳ ಕೈಲಿ ವಾಲ್ವ್ ಇದ್ರೆ ಯಾರೂ ಜಗಳ ತೆಗ್ಯಲ್ಲ’ ಎಂದರು. ನಿಜ, ಯಾರೂ ತೆಗೆದಿಲ್ಲ. ಬೀದಿಗೊಂದು ದಿನ ಎಂದು ನೀರು ಬಿಡುತ್ತೇನೆ. ನಮ್ಮ ಬೀದಿಗೂ ಹಿಂದಿನ ಬೀದಿಗೂ ಕೊನೆಗೆ.

ಇಲ್ಲಿಯವರೆಗೆ ಬರೆದು ನೀರು ಬಿಡಲು ಎದ್ದು ಹೋಗಿದ್ದೆ. ಈಗ ಮತ್ತೆ ಕೂತಿದ್ದೇನೆ. ನಾನು ಇಲ್ಲದಾಗ ಶ್ಯಾಮಲಮ್ಮ ಹುಳಿ ತಗೊಂಡು ಬಂದು, ಮೇಜಿನ ಮೇಲಿನ ಹಾಳೆಗಳನ್ನು ನೋಡಿದ್ದಾರೆ. ಓದಿದರೋ ಇಲ್ಲವೋ ಕೇಳಲು ಧೈರ್ಯವಾಗಲಿಲ್ಲ. ಆದರೆ ನಾನು ಒಳಗೆ ಬರುತ್ತಲೇ ಬಟ್ಟಲು ಕೆಳಗಿಟ್ಟು ಹೇಳಿದರು:

‘ಊರ್ಕೋವೇ ಪವಿತ್ರಾ, ಸುಮ್ನಿರು. ಒಂದು ಮನೆ ತಪ್ಪಿದ್ರೆ ಇನ್ನೊಂದು ತಪ್ಪತ್ತೆ. ಆಮೇಲೆ ಈ ರಸ್ತೇಲಿ ನಾನು ನೀನು ಇಬ್ರೇ ರಂಗೋಲಿ ಬಿಟ್ಕೊಂಡು ಕೂತಿರ್ಬೇಕು.’

‘ಅವಳು ನನ್ನ ಗೆಳತಿ, ಶ್ಯಾಮಲಮ್ಮ.’

‘ನಾವೇನು ನಿನ್ ಶತ್ರುಗಳಾ?’

ಅವರ ಮಗ ಹೊಲದ ಬದಲು ಬಂದ ಮನೆಯ ಮುಂದಿನ ಕೋಣೆಯಲ್ಲಿ ದಿನಸಿ ಅಂಗಡಿ ತೆರೆದು, ಗಿರಾಕಿಗಾಗಿ ರಸ್ತೆ ನೋಡುತ್ತಾ ಕೂತಿರುತ್ತಾನೆ. ಇಂಥವರಿಗೆಲ್ಲ ನೀವು ಬಂದರೆ ಒಳ್ಳೆಯದು. ನಿಮ್ಮ ಬಟ್ಟೆ ಒಗೆಯುವ ಅಂಗಡಿ ಬಂತೆಂದರೆ ಪಕ್ಕದಲ್ಲಿ ಟೀ ಅಂಗಡಿ ಬರುತ್ತದೆ, ಹೊಲಿಗೆಯವರು ಬರುತ್ತಾರೆ, ಬಸ್ಸು ಮತ್ತೆ ಒಳಗೆ ಬರುತ್ತದೆ ಎಂದು ಶಿವಶಂಕರ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ. ಅದೂ ನಿಜವೇ ಇರಬಹುದು. ಆದರೆ ಆ ಅಂಗಡಿಗೆ ನೀರು ಬಿಡುವವಳು ನಾನು. ನಿನ್ನ ಮಷೀನು ಒಂದು ದಿನ ಕುಡಿಯುವ ನೀರು ನಮ್ಮ ಒಂದು ಬೀದಿ ಒಂದು ದಿನ ಕುಡಿಯುವಷ್ಟು. ನಿನಗೆ ಬಿಟ್ಟರೆ ಅವರಿಗೆ ಇಲ್ಲ, ಅವರಿಗೆ ಬಿಟ್ಟರೆ ನಿನಗೆ ಇಲ್ಲ. ನೀನು ನನ್ನವಳು. ನನ್ನವರಿಗೆ ಯಾವಾಗಲೂ ಕೊನೆಗೆ. ಕಾರ್ಖಾನೆಯವರ ಎಣ್ಣೆ ಜಿಡ್ಡಿನ ಬಟ್ಟೆ ಗುಡ್ಡೆ ಬಿದ್ದಿರುವಾಗ ನೀನು ನನ್ನ ಬಾಗಿಲಿಗೆ ಬಂದು ನಿಲ್ಲುತ್ತೀಯ, ನಾನು ಬೀಗದ ಕೈ ಇಟ್ಟುಕೊಂಡು ನೆಲ ನೋಡುತ್ತೇನೆ. ಅದನ್ನು ಯೋಚಿಸಿದರೆ ನಿದ್ದೆ ಹತ್ತುವುದಿಲ್ಲ.

ಆದ್ದರಿಂದ ಹೀಗೆ ಮಾಡು. ಹಬ್ಬ ಮುಗಿದ ಮೇಲೆ ಮುಂಗಡ ಕೊಡುವುದಕ್ಕೆ ಮೊದಲು ನೀವಿಬ್ಬರೂ ಒಂದು ಬುಧವಾರ ಬನ್ನಿ. ಯಾರಿಗೂ ಹೇಳಬೇಡಿ, ಭಾನುವಾರ ಬರಲೇಬೇಡಿ. ಗೇಟಿನ ಹತ್ತಿರದ ನಲ್ಲಿ ಬೇಡ, ನಮ್ಮ ಮನೆಯ ಬಚ್ಚಲ ನಲ್ಲಿ ತಿರುಗಿಸಿ ನೋಡಿ. ಆಮೇಲೂ ಬರುತ್ತೇವೆಂದರೆ ನಾನು ಬೇಡ ಎನ್ನುವುದಿಲ್ಲ. ಪೈಪು ಬಂದರೂ ಬರಬಹುದು, ನನಗೆ ಮುಂದಿನದು ಗೊತ್ತಿಲ್ಲ. ಈ ಕಾಗದವನ್ನು ಶಹಬಾಜ್ ಭಾಯ್‌ಗೆ ಓದಿ ಹೇಳು. ಅವರು ಸಿಟ್ಟಿನಲ್ಲಿ ಶಿವಶಂಕರ್ ಅವರಿಗೆ ಫೋನ್ ಮಾಡಿದರೂ ಮಾಡಲಿ. ಆಗ ನನ್ನ ಕೆಲಸ ಹೋಗುತ್ತದೆ, ಬೀದಿಯವರು ಮಾತು ಬಿಡುತ್ತಾರೆ. ನಮ್ಮ ಯಜಮಾನರು ವೆಂಕಟ್ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ‘ಬರಿ. ಆದ್ರೆ ಬರೆದ ಮೇಲೆ ಅಳಬೇಡ’ ಎಂದರು.

ಇದೇ ತಿಂಗಳ ಕೊನೆಯಲ್ಲಿ ಮತ್ತೆ ಒಂದು ಕಾರಂಜಿ ಭಾನುವಾರ ಇದೆ. ಈ ಸಲ ಶುಕ್ರವಾರವೂ ನಿಲ್ಲಿಸದೆ ಬೀದಿಗಳಿಗೆ ಎಂದಿನ ಸರದಿಯಂತೆ ನೀರು ಬಿಡುತ್ತೇನೆಂದು ಶಿವಶಂಕರ್ ಅವರಿಗೆ ಇನ್ನೂ ಹೇಳಿಲ್ಲ. ಹೇಳಬೇಕು. ಮನೆಯಲ್ಲಿ ಕನ್ನಡಿ ಮುಂದೆ ಹೇಳಿ ನೋಡಿದೆ, ಅಲ್ಲಿ ಧ್ವನಿ ಬರುತ್ತದೆ.

ಮಗುವಿಗೆ ನನ್ನ ಮುತ್ತು. ಅವಳು ನಿನ್ನ ಹಾಗೆ ಎಲ್ಲರ ಪರವಾಗಿ ‘ಬಂದವಳೆ ಮಿಸ್’ ಎನ್ನುವ ಹುಡುಗಿಯಾಗಲಿ. ನಿಮ್ಮ ಉಪವಾಸಗಳು ಸುಖವಾಗಿ ಕಳೆಯಲಿ, ಸಂಜೆ ಮೊದಲ ಗುಟುಕು ತಣ್ಣಗಿರಲಿ. ಮೊದಲ ಸಾಲಿನಲ್ಲಿ ಬಿಟ್ಟಿದ್ದನ್ನು ಬರೆಯಲು ಆಗಲಿಲ್ಲ, ಕ್ಷಮಿಸು.

ನಿನ್ನ
ಪವಿತ್ರ

ಮರೆತದ್ದು: ಮರೆತಿಲ್ಲ, ಬರೆಯಲು ಆಗಲಿಲ್ಲ. ಭಾರತಮ್ಮ ಹೇಗಿದ್ದಾರೆ ಎಂದು ಕೇಳಿದ್ದೆಯಲ್ಲ. ಶಹಬಾಜ್ ಭಾಯ್ ಹೇಳಿದ ಆ ಜಾರಿ ಬಿದ್ದ ಅಜ್ಜಿ ನಮ್ಮ ಭಾರತಮ್ಮನೇ.

ಆ ಭಾನುವಾರಕ್ಕೆ ಮೊದಲಿನ ಶುಕ್ರವಾರ ಸಂಜೆ ಅವರು ಖಾಲಿ ಬಕೆಟ್ಟನ್ನು ಸೆರಗಿನಲ್ಲಿ ಮರೆಮಾಡಿಕೊಂಡು ನಮ್ಮ ಹಿಂಬಾಗಿಲಿಗೆ ಬಂದಿದ್ದರು. ‘ಬಚ್ಚಲಿಗೆ ಮಾತ್ರ ಕಣೇ. ವಯಸ್ಸಾಯ್ತು, ತಡೆಯೋಕಾಗಲ್ಲ’ ಎಂದರು. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅಡುಗೆಮನೆಯಲ್ಲಿ, ವೆಂಕಟ್ ಕೆಲಸದಿಂದ ಬಂದು ಕೈಕಾಲು ತೊಳೆಯಲೆಂದು ಇಟ್ಟ ಒಂದು ಬಿಂದಿಗೆ ನೀರೂ ಇತ್ತು. ಬೇರೆ ಯಾರೇ ಬಂದಿದ್ದರೂ ಕೊಟ್ಟುಬಿಡುತ್ತಿದ್ದೆನೇನೋ. ಬಂದವರು ನನ್ನವರು. ತಾತನ ಮುಖ ಕಣ್ಣಿಗೆ ಬಂತು. ‘ಭಾನುವಾರ ಕಳೀಲಿ ಅಮ್ಮಾ, ಎಲ್ಲರ ಜೊತೆ ನಿಮಗೂ ಸರದಿ ಬರತ್ತೆ’ ಎಂದೆ. ‘ಸರಿ ಬಿಡು, ನಿಂಗೆ ಕಷ್ಟ ಆಗ್ಬಾರ್ದು’ ಎಂದು ಹೋದರು.

ಭಾನುವಾರ ಕಾರಂಜಿ ಹಾರುತ್ತಿರುವಾಗ ಅವರ ಮನೆಯ ಕಡೆಯಿಂದ ಸದ್ದು ಬಂತು. ನಾನೇ ಮೊದಲು ಓಡಿದೆ. ಮಾಳಿಗೆಯ ಮೇಲಿನ ಟ್ಯಾಂಕಿನ ತಳದಲ್ಲಿ ಏನಾದರೂ ಉಳಿದಿದೆಯಾ ಎಂದು ನೋಡಲು ಕೊಡ ಹಿಡಿದು ಹತ್ತಿದ್ದರು, ಇಳಿಯುವಾಗ ತಲೆ ತಿರುಗಿ ಬಿದ್ದಿದ್ದರು. ಅಷ್ಟರಲ್ಲಿ ಶಿವಶಂಕರ್, ಅವರ ಹಿಂದೆ ಮನೆ ನೋಡಲು ಬಂದವರು ಎಲ್ಲ ಸೇರಿದರು. ನಾನು ಬಾಗಿಲ ಹಿಂದೆ ಸರಿದೆ. ಏನಾಯಿತು ಎಂದು ಯಾರೋ ಕೇಳಿದರು. ಭಾರತಮ್ಮ ಒಂದು ಸಲ ನನ್ನ ಕಡೆ ನೋಡಿ, ಆಮೇಲೆ ಅವರಿಗೆಲ್ಲ ಕೇಳುವಂತೆ, ‘ಮೆಟ್ಟಿಲ ಮೇಲೆ ನೀರು ಚೆಲ್ಬಿಟ್ಟಿತ್ತು, ಜಾರ್ಬಿಟ್ಟೆ. ನಮ್ಮಲ್ಲಿ ನೀರು ಜಾಸ್ತಿ ನೋಡಿ’ ಎಂದರು. ಅವರನ್ನು ಎತ್ತಿ ಯಾರದೋ ಕಾರಿನಲ್ಲಿ ಮಲಗಿಸಿದ್ದು ನಿನ್ನ ಶಹಬಾಜ್ ಭಾಯ್. ಅವರು ನನ್ನ ಪಕ್ಕದಲ್ಲೇ ಹಾದುಹೋದರು. ಮೆಟ್ಟಿಲುಗಳು ಬಿಸಿಲಿಗೆ ಬೆಳ್ಳಗೆ ಒಣಗಿದ್ದವು ನಿಖತ್. ಉರುಳಿದ್ದ ಕೊಡವೂ ಒಣಗಿತ್ತು.

ಸೊಂಟದ ಮೂಳೆ ಮುರಿದಿದೆ. ಕೋಲಾರದಲ್ಲಿ ಆಪರೇಷನ್ ಆಗಿ ಈಗ ಮನೆಗೆ ಬಂದಿದ್ದಾರೆ, ಮತ್ತೆ ನಡೆಯುತ್ತಾರೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಚಂದ್ರು ಕೇಳಿದರೂ ನೀರಲ್ಲಿ ಜಾರಿದೆ ಎಂದೇ ಹೇಳುತ್ತಾರೆ. ತಾತನ ಕಥೆಯಲ್ಲಿ ಒಂದು ಭಾಗವನ್ನು ನಿನಗೆ ಮೇಲೆ ಬರೆಯಲಿಲ್ಲ. ಆ ವರ್ಷ ಕೊಯ್ಲಿನಲ್ಲಿ ನೀರು ಬಿಟ್ಟದ್ದಕ್ಕೆ ಕೂಲಿಯೆಂದು ಊರವರು ಕೊಟ್ಟ ತನ್ನ ಪಾಲಿನ ಪೈರಿನ ಹೊರೆಗಳನ್ನೆಲ್ಲ ತಾತ ತಲೆಯ ಮೇಲೆ ಹೊತ್ತು ತಂಗಿಯ ಅಂಗಳದಲ್ಲಿ ಇಳಿಸಿ ಬಂದಿದ್ದರು. ನಾನು ಕೊನೆಯ ಸರದಿಯನ್ನು ಮಾತ್ರ ಕಲಿತೆ.

ನಿನ್ನೆ ಭಾರತಮ್ಮನನ್ನು ನೋಡಲು ಹೋಗಿದ್ದೆ. ಬಕೆಟ್ಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ‘ಉಂಡ್ಯೇನೇ?’ ಎಂದು ಕೇಳಿ ನನ್ನ ಕೈ ಹಿಡಿದುಕೊಂಡರು. ಶಾಲೆಯಲ್ಲಿ ಸಾಲಿನ ಕೊನೆಯಲ್ಲಿ ನಿಂತ ನಮ್ಮಿಬ್ಬರನ್ನೂ ಕರೆದು, ಎಲ್ಲರಿಗಿಂತ ಮೊದಲು ಬಡಿಸುತ್ತಿದ್ದ ಕೈ ಅದು. ಆ ಕೈಗೆ ನಾನು ಸರದಿ ಹೇಳಿದೆ.